ದಾರಿಯಿಲ್ಲದ ದೃಶ್ಯ

ಈ ಸಲವೂ ರುಕ್ಸಾಂದ್ರಾ ಬಂದು ನಿಂತದ್ದು ದೋಣಿಕಟ್ಟೆಯಲ್ಲೇ.

ಪರದೆಯ ಮೇಲೆ ಡಾಕ್ಟರ್ ಆಸ್ತಾ ಕೋಟಿನ ಕಾಲರ್ ಎತ್ತಿಕೊಂಡು, ಹಿಂತಿರುಗಿ ನೋಡದೆ ದೋಣಿ ಹತ್ತಿದಳು. ಮಂಜು ಮುಚ್ಚಿತು. ಕಥೆ ಮುಗಿಯಿತು. ರುಕ್ಸಾಂದ್ರಾ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ನನ್ನನ್ನು ನೋಡಿದಳು.

“ಎಲ್ಲಿದೆಯೇ ಒಡೀಲ್ ನಿನ್ನ ಉಪ್ಪಿನ ಗೋದಾಮು? ಎಡಕ್ಕೆ ಹೋದೆ, ಬಲಕ್ಕೆ ಹೋದೆ, ಪಾದ್ರಿ ಹತ್ರ ಜಗಳ ಆಡಿದೆ, ಕಾಲಿಗೂ ಬಿದ್ದೆ. ಕೊನೆಗೆ ಅದೇ ದೋಣಿ.”

“ಇನ್ನೊಂದ್ಸಲ,” ಅಂದೆ. “ಈ ಸಲ ಪಾದ್ರಿಗೆ ಕೀಲಿಕೈ ಕೊಡ್ಬೇಡ.”

ಅವಳು ಉಸಿರು ಬಿಟ್ಟು ಮೊದಲಿನಿಂದ ಶುರುಮಾಡಿದಳು.

‘ಉಪ್ಪಿನ ದ್ವೀಪ’ ಓದುತ್ತ ಹೋಗುವ ಕಥೆಯಲ್ಲ, ಆಡುತ್ತ ಹೋಗುವ ಕಥೆ. ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ದ್ವೀಪಕ್ಕೆ ಬಂದ ಡಾಕ್ಟರು ಮುಂದೇನು ಮಾಡಬೇಕೆಂದು ಆಡುವವರೇ ಆರಿಸಬೇಕು. ಆರಿಸಿದಂತೆ ಕಥೆ ಕವಲೊಡೆಯುತ್ತದೆ. ನ್ಯೂಫೌಂಡ್‌ಲ್ಯಾಂಡಿನ ಬ್ರಿಜೆಟ್ ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಅದರ ಪ್ರತಿ ಮಾತೂ ಹದಿಮೂರು ಭಾಷೆಗಳಿಗೆ ಹೋಗಿ, ಮರಳಿ ಬಂದು, ಸರಿಯಾದ ಬಾಯಿಗೆ ಸೇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಅದರ ಕೊನೆಯ ದೃಶ್ಯವೆಂದು ಯಾರೋ ಕದ್ದು ಹಾಕಿದ ಪುಟ ಶುಕ್ರವಾರದಿಂದ ಅಂತರ್ಜಾಲದ ತುಂಬ ಓಡಾಡುತ್ತಿತ್ತು. ಕದ್ದವರ ಹೆಸರು ಬರೆದುಕೊಂಡು ಹೋಗಲು ಟೊರೊಂಟೊದಿಂದ ಪ್ರಕಾಶಕರ ವಕೀಲೆ ಬಂದು ಮೂರನೇ ಮಹಡಿಯಲ್ಲಿ ಕೂತಿದ್ದಳು. ಸದ್ಯಕ್ಕೆ ಆ ಹೆಸರು ರುಕ್ಸಾಂದ್ರಾಳದು.

ನಾವಿದ್ದದ್ದು ನೆಲಮಾಳಿಗೆಯ ಪರೀಕ್ಷಾ ಕೋಣೆಯಲ್ಲಿ. ಹಿಂದೆ ಇಲ್ಲಿ ತುಪ್ಪಳದ ಕೋಟುಗಳನ್ನು ಹೊಲಿಯುತ್ತಿದ್ದರಂತೆ. ಈಗ ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿದ್ದಾರೆ. ಒಳಗೆ ಬರುವ ಮುನ್ನ ಫೋನು, ಕೈಗಡಿಯಾರ, ಚೀಲ ಎಲ್ಲವನ್ನೂ ಹೊರಗಿನ ಲಾಕರಿಗೆ ಹಾಕಬೇಕು. ಬಾಗಿಲು ಕಾರ್ಡಿಗೆ ಮಾತ್ರ ತೆರೆಯುತ್ತದೆ, ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ. ಒಬ್ಬೊಬ್ಬರು ತಮ್ಮ ತಮ್ಮ ಭಾಷೆಯಲ್ಲಿ ಅದೇ ಕಥೆಯನ್ನು ದಿನವಿಡೀ ಆಡುತ್ತ, ಎಲ್ಲಿ ಮಾತು ತಪ್ಪಿದೆ, ಎಲ್ಲಿ ಹೆಂಡತಿಯ ಮಾತನ್ನು ಗಂಡ ಆಡುತ್ತಿದ್ದಾನೆ ಎಂದು ಹುಡುಕುತ್ತಾರೆ. ರುಕ್ಸಾಂದ್ರಾ ರುಮೇನಿಯನ್ ಪರೀಕ್ಷಕಿ.

ಅವಳ ಮೇಲೆ ಕಣ್ಣು ಬಿದ್ದದ್ದು ಸುಲಭವಾಗಿ. ಹೋದ ತಿಂಗಳು ಅವಳು ಫೋನನ್ನು ಸಾಕ್ಸಿನೊಳಗಿಟ್ಟುಕೊಂಡು ಒಳಗೆ ಬಂದಿದ್ದಳು. ರುಮೇನಿಯಾದ ಯಾಶ್ ಊರಿನ ಆಸ್ಪತ್ರೆಯಲ್ಲಿ ತಾಯಿಯ ಹೃದಯದ ಆಪರೇಷನ್ ಇತ್ತು. ಫೋನು ಅಲ್ಲೇ ಗುಂಯ್‌ಗುಟ್ಟಿತು, ಸಿಕ್ಕಿಬಿದ್ದಳು, ಎಚ್ಚರಿಕೆ ಕೊಟ್ಟು ಬಿಟ್ಟರು. ಈಗ ಕಳ್ಳತನ ಆಯಿತೆಂದಾಗ ಮೇಲಿನವರಿಗೆ ಹುಡುಕುವ ತೊಂದರೆಯೇ ಇರಲಿಲ್ಲ.

ಈ ದೇಶದಲ್ಲಿದ್ದು ದುಡಿಯಲು ಅವಳಿಗೆ ಸಿಕ್ಕಿದ್ದ ಪರವಾನಗಿಯಲ್ಲಿ ಕೆಲಸ ಕೊಟ್ಟವರೆಂದು ಇರುವುದು ನಮ್ಮ ಸ್ಟುಡಿಯೊ ಒಂದೇ. ಇಲ್ಲಿಂದ ತೆಗೆದರೆ ಬೇರೆ ಕಡೆ ಸುಮ್ಮನೆ ಹೋಗಿ ಸೇರುವಂತಿಲ್ಲ. ಕಳ್ಳಿ ಅನ್ನಿಸಿಕೊಂಡವಳಿಗಾಗಿ ಹೊಸ ಪರವಾನಗಿಗೆ ಓಡಾಡುವವರು ಯಾರು? ಮಗಳು ಆಂಕಾಗೆ ಮಾಂಟ್ರಿಯಲ್ ಬಿಟ್ಟು ಬೇರೆ ಊರಿನ ನೆನಪೇ ಇಲ್ಲ. ಅವಳು ಅಮ್ಮನಿಗೆ ಫ್ರೆಂಚಿನಲ್ಲಿ ಬೈದು, ರುಮೇನಿಯನ್ನಿನಲ್ಲಿ ಬೈಸಿಕೊಳ್ಳುವ ಹುಡುಗಿ.

ಬೆಳಗ್ಗೆ ನಾನು ಕದ್ದ ಪುಟವನ್ನು ರುಕ್ಸಾಂದ್ರಾಳಿಗೆ ಓದಿಹೇಳಿದ್ದೆ. ಡಾಕ್ಟರ್ ಆಸ್ತಾ ಉಪ್ಪಿನ ಗೋದಾಮಿನ ಬಾಗಿಲನ್ನು ಒಡೆದು ಒಳಗೆ ಹೋಗುತ್ತಾಳೆ. ಕತ್ತಲೆಯಲ್ಲಿ ತಂಗಿ ಮಾಲಿನ್ ಮೂಟೆಗಳ ನಡುವೆ ಕೂತಿದ್ದಾಳೆ, ಬದುಕಿದ್ದಾಳೆ. ಇಷ್ಟು ಕೇಳಿದ ರುಕ್ಸಾಂದ್ರಾ ಹುಬ್ಬು ಗಂಟಿಕ್ಕಿ, ಇದು ಯಾವ ಕಥೆ, ನಮ್ಮದರಲ್ಲಿ ತಂಗಿ ಸಿಗುವುದೇ ಇಲ್ಲವಲ್ಲ ಎಂದಿದ್ದಳು.

ಅಷ್ಟು ಹೊತ್ತಿಗೆ ನನ್ನ ಕಾಫಿ ತಣ್ಣಗಾಗಿತ್ತು. ಅದನ್ನು ಹಾಗೆಯೇ ಬಿಟ್ಟು ಅವಳ ಜೊತೆ ಕೆಳಗಿಳಿದು ಬಂದಿದ್ದೆ.

ಈಗ ಅವಳು ಪಾದ್ರಿಗೆ ಕೀಲಿಕೈ ಕೊಡಲಿಲ್ಲ. ಪಾದ್ರಿ ಮುನಿಸಿಕೊಂಡು ದೀಪ ಆರಿಸಿದ. ಆಸ್ತಾ ಗಾಳಿಯಲ್ಲಿ ದಾರಿ ತಡಕಾಡುತ್ತ ಗೋದಾಮಿನ ಮುಂದೆಯೇ ಹಾದುಹೋದಳು. ಬಾಗಿಲು ಕಾಣುತ್ತಿತ್ತು. ಅದರ ಮೇಲಿನ ತುಕ್ಕು ಕೂಡ ಕಾಣುತ್ತಿತ್ತು. ರುಕ್ಸಾಂದ್ರಾ ಅವಳನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ ಇದ್ದಬದ್ದ ಗುಂಡಿಗಳನ್ನೆಲ್ಲ ಅದುಮಿದಳು. ಏನೂ ಆಗಲಿಲ್ಲ.

ಹಿಂದಿನ ಕುರ್ಚಿಯಿಂದ ಜರ್ಮನ್ ಪರೀಕ್ಷಕ ಡೆಟ್ಲೆಫ್ ಗೊಣಗಿದ. “ಸುಮ್ನೆ ಗುಂಡಿ ಸವೆಸ್ಬೇಡ ತಾಯಿ. ಈ ದ್ವೀಪದಲ್ಲಿ ನಾನು ಸಾಯದೇ ಇರೋ ಜಾಗ ಇಲ್ಲ. ಬಾವಿಗೆ ಬಿದ್ದು ಸತ್ತಿದ್ದೀನಿ, ಟಗರು ಗುದ್ದಿ ಸತ್ತಿದ್ದೀನಿ. ಆ ಬಾಗ್ಲು ಮಾತ್ರ ತೆಗೆಯಲ್ಲ. ಅದು ಗೋಡೆ ಮೇಲೆ ಬರೆದಿರೋ ಚಿತ್ರ ಅಷ್ಟೆ.”

“ನಿನಗೂ ಸಿಕ್ಕಿಲ್ವಾ?”

“ಯಾರಿಗೂ ಸಿಕ್ಕಿಲ್ಲ. ಕೇಳು ಬೇಕಾದ್ರೆ.”

ನಾಲ್ಕು ಜನರ ಎದುರು ದನಿ ಎತ್ತಬೇಕೆಂದರೆ ನನ್ನ ಕಿವಿ ಸುಡುತ್ತದೆ. ಆದರೂ ಕೇಳಿದೆ. ಪೋರ್ಚುಗೀಸ್ ಮೇಜಿನವಳು ತಲೆ ಅಡ್ಡಡ್ಡ ಆಡಿಸಿದಳು. ಕೊರಿಯನ್ ಮೇಜಿನವನು ಕೈ ಎತ್ತಿ ಇಲ್ಲವೆಂದ. ಮೂರು ತಿಂಗಳಿಂದ ಈ ಕಥೆಯನ್ನು ಆಡಿ ಆಡಿ ಕನಸಿನಲ್ಲೂ ಅದೇ ಪಾದ್ರಿಯನ್ನು ಕಾಣುತ್ತಿದ್ದ ಇವರಲ್ಲಿ ಒಬ್ಬರೂ ಗೋದಾಮಿನ ಒಳಗನ್ನು ನೋಡಿರಲಿಲ್ಲ. ಇವರನ್ನು ಯಾರೂ ಈ ಬಗ್ಗೆ ಕೇಳಿಯೂ ಇರಲಿಲ್ಲ.

ಆಗ ನನಗೆ ಶರತ್ಕಾಲ ನೆನಪಾಯಿತು.

ಬ್ರಿಜೆಟ್ ಒಂದು ಮಧ್ಯಾಹ್ನ ನನ್ನ ಮೇಜಿನ ಅಂಚಿಗೆ ಒರಗಿ ನಿಂತು, ಗೋದಾಮಿನ ದೃಶ್ಯ ತೆಗೆದುಬಿಡೋಣ ಎಂದಿದ್ದಳು. ತಂಗಿ ಸಿಕ್ಕಿಬಿಟ್ಟರೆ ಕಥೆ ಸುಳ್ಳಾಗುತ್ತದೆ ಎನ್ನುವುದು ಅವಳ ವಾದ. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಆ ವಾರ ಬಿದ್ದ ಕತ್ತರಿಗಳು ಒಂದೆರಡಲ್ಲ. ಇದೂ ಅವುಗಳ ನಡುವೆ ಕಳೆದುಹೋಗಿತ್ತು.

ತೆಗೆಯುವುದು ಎಂದರೆ ನಮ್ಮಲ್ಲಿ ಅಳಿಸುವುದಲ್ಲ. ಮೂಲದ ಕಡತದಲ್ಲಿ ಪ್ರತಿ ಮಾತಿಗೂ ಒಂದು ಸಂಖ್ಯೆ ಇರುತ್ತದೆ. ಎಲ್ಲ ಭಾಷೆಗಳ ಮಾತುಗಳೂ ಆ ಸಂಖ್ಯೆಗಳಿಗೆ ನೇತುಬಿದ್ದಿರುತ್ತವೆ. ನಡುವಿನಿಂದ ಒಂದಿಷ್ಟನ್ನು ಕಿತ್ತರೆ ಮುದುಕಿಯ ಮಾತು ಮಗುವಿನ ಬಾಯಿಗೆ ಬರುತ್ತದೆ. ಅದಕ್ಕೇ ಯಾರೂ ಕೀಳುವುದಿಲ್ಲ. ಆ ದೃಶ್ಯಕ್ಕೆ ಹೋಗುವ ದಾರಿಗಳನ್ನಷ್ಟೇ ಮುಚ್ಚುತ್ತಾರೆ. ದೃಶ್ಯ ಒಳಗೇ ಉಳಿಯುತ್ತದೆ, ಬಾಗಿಲಿಗೆ ಇಟ್ಟಿಗೆ ಕಟ್ಟಿದ ಕೋಣೆಯ ಹಾಗೆ. ಒಳಗೆ ಮೂಟೆಗಳಿವೆ, ಮಾಲಿನ್ ಇದ್ದಾಳೆ, ಅವಳ ಮಾತುಗಳೂ ಇವೆ. ಹೋಗುವವರು ಯಾರೂ ಇಲ್ಲ.

ಶುಕ್ರವಾರದಿಂದ ಮೇಲಿನ ಮಹಡಿಯಲ್ಲಿ ಎಲ್ಲರೂ ‘ಕೊನೆಯ ದೃಶ್ಯ’ ‘ಕೊನೆಯ ದೃಶ್ಯ’ ಎನ್ನುತ್ತಿದ್ದರು. ಅವರ ಜೊತೆ ನಾನೂ ಅನ್ನುತ್ತಿದ್ದೆ. ಮೇಲಿದ್ದ ನಾವು ಯಾರೂ ಕಥೆ ಆಡುವವರಲ್ಲ. ಕಥೆ ಆಡುವವರು ಈ ಕೋಣೆಯಲ್ಲಿದ್ದರು.

ಅಂದರೆ ಕದ್ದವರು ಕಥೆಯನ್ನು ಆಡಿದವರಲ್ಲ, ಕಡತವನ್ನು ಓದಿದವರು. ಪರೀಕ್ಷಕರಿಗೆ ಕಡತ ಕೊಡುವುದೇ ಇಲ್ಲ.

“ರುಕ್ಸಾಂದ್ರಾ,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ನೀನು ಬಚಾವಾದೆ.”

ಅವಳು ನಂಬಲಿಲ್ಲ. ನಾನು ಮತ್ತೊಮ್ಮೆ ಮೊದಲಿನಿಂದ, ನಿಧಾನವಾಗಿ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು. ಮುಖ ಬೆಳಗುತ್ತದೆ ಅಂದುಕೊಂಡಿದ್ದೆ. ಅವಳು ನನ್ನ ತೋಳು ಹಿಡಿದು, ಈ ಮಾತನ್ನು ಮೇಲೆ ಹೋಗಿ ಹೇಳಲೇಬೇಕಾ ಎಂದು ಕೇಳಿದಳು. ಹೆದರಿದ್ದಾಳೆ, ಪಾಪ, ಎಂದುಕೊಂಡೆ. ಅವಳ ಕೈಯನ್ನು ಸವರಿ ಎದ್ದುಬಿಟ್ಟೆ.

ಬಾಗಿಲಿಗೆ ಹೋಗಿ ಕಾರ್ಡು ಹಿಡಿದೆ. ಕೆಂಪು ದೀಪ.

ಕಾರ್ಡನ್ನು ಸ್ವೆಟರಿಗೆ ಒರೆಸಿ ಮತ್ತೆ ಹಿಡಿದೆ. ಕೆಂಪು. ತಿರುಗಿಸಿ ಹಿಡಿದೆ. ಕೆಂಪು. ಒಂದು ಗಂಟೆಯ ಹಿಂದೆ ನನ್ನನ್ನು ಒಳಗೆ ಬಿಟ್ಟಿದ್ದ ಕಾರ್ಡು ಅದು.

ಡೆಟ್ಲೆಫ್ ತನ್ನ ಕಾರ್ಡು ಹಿಡಿದು ನೋಡಿದ. ಅದಕ್ಕೂ ಕೆಂಪೇ. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಬಾಗಿಲು ಯಾರನ್ನೂ ಒಪ್ಪಲಿಲ್ಲ. ಊಟದ ಡಬ್ಬಿಗಳೆಲ್ಲ ಹೊರಗಿನ ಲಾಕರಿನಲ್ಲಿದ್ದವು. ಯಾರೋ ಬಾಗಿಲು ಬಡಿದರು. ಕಾರಿಡಾರಿನಲ್ಲಿ ಬಿಸಿನೀರಿನ ಕೊಳವೆಗಳ ಟಣಟಣ ಬಿಟ್ಟರೆ ಸದ್ದಿರಲಿಲ್ಲ. ಗಾಳಿ ಇದ್ದಕ್ಕಿದ್ದಂತೆ ಕಮ್ಮಿಯಾದ ಹಾಗೆ ಅನ್ನಿಸಿತು. ಕಮ್ಮಿಯಾಗಿರಲಿಲ್ಲ, ಗೊತ್ತು.

ಗೋಡೆಗೆ ಒಂದು ಫೋನಿದೆ. ಅದು ಕಟ್ಟಡದೊಳಗೆ ಮಾತ್ರ ಹೋಗುತ್ತದೆ. ಭಾಷಾ ವಿಭಾಗದ ಮುಖ್ಯಸ್ಥ ರೇಜಾಂ ಬ್ರಿಸ್‌ಬುವಾನ ಮೇಜಿಗೆ ಹಚ್ಚಿದೆ. ಅವನು ಕೂಡಲೇ ಎತ್ತಿಕೊಂಡ, ಕಾಯುತ್ತಿದ್ದವನ ಹಾಗೆ. ಬಾಗಿಲನ್ನು ವಕೀಲೆ ಹೇಳಿ ಮುಚ್ಚಿಸಿದ್ದು, ಹೆಸರು ಗಟ್ಟಿಯಾಗುವವರೆಗೆ ಅಷ್ಟೆ, ಗಾಬರಿ ಬೇಡ ಎಂದ. ನನಗೊಂದು ಸಂಗತಿ ಗೊತ್ತಾಗಿದೆ, ರುಕ್ಸಾಂದ್ರಾ ಅಲ್ಲ ಎಂದು ತೋರಿಸಬಲ್ಲೆ ಎಂದೆ.

“ಅಲ್ಲೇ ಇರಿ. ಬರ್ತೀನಿ,” ಅಂದ.

ಇರಿ. ಕೆಲಸಕ್ಕೆ ಸೇರಿದ ದಿನದಿಂದ ಅವನು ನನಗೆ ‘ನೀನು’, ನಾನು ಅವನಿಗೆ ‘ನೀನು’. ನಮ್ಮಲ್ಲಿ ಎಲ್ಲರೂ ಹಾಗೆಯೇ. ಕಸ ಗುಡಿಸುವವರಿಗೂ ಮಾಲೀಕರಿಗೂ ಒಂದೇ ಏಕವಚನ. ಬಹುವಚನ ಬರುವುದು ಪೊಲೀಸರು ಬಂದಾಗ, ಇಲ್ಲವೇ ಕೆಲಸದಿಂದ ತೆಗೆಯುವಾಗ.

ರೇಜಾಂ ಬಂದ. ಬೂಟಿನ ಮೇಲೆ, ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ಬಿಳಿಗೆರೆಯಾಗಿ ಒಣಗಿತ್ತು. ಬಾಗಿಲು ತೆರೆದಾಗ ಕೊರಿಯನ್ ಹುಡುಗ ಹೊರಗೆ ನುಸುಳಲು ನೋಡಿದ. ರೇಜಾಂ ಭುಜ ಅಡ್ಡ ಹಾಕಿ, ಬಾಗಿಲನ್ನು ಬೆನ್ನಿನಿಂದಲೇ ಮುಚ್ಚಿದ. ಆಪರೇಷನ್ ಆದ ಮಂಡಿಯನ್ನು ಚಾಚಿ ಕುರ್ಚಿಯೊಂದರ ಮೇಲೆ ಕೂತ. ಒಳ್ಳೆಯ ಮನುಷ್ಯ ಎಂದೇ ನಾವೆಲ್ಲ ಅಂದುಕೊಂಡಿದ್ದವನು. ಕ್ರಿಸ್‌ಮಸ್ಸಿಗೆ ಎಲ್ಲರಿಗೂ ತಾನೇ ಮಾಡಿದ ಮಾಂಸದ ಕಡುಬು ತಂದುಕೊಡುವವನು.

ನಾನು ಹೇಳತೊಡಗಿದೆ. ಮೊದಮೊದಲು ಮಾತು ತೊದಲಿತು. ಗೋದಾಮಿನ ದೃಶ್ಯವನ್ನು ಪರೀಕ್ಷಕರು ನೋಡಲು ಸಾಧ್ಯವಿಲ್ಲ, ಕಡತ ಕಂಡವರೇ ಕದ್ದಿರಬೇಕು ಎಂದೆ. ಶರತ್ಕಾಲದ ಕತ್ತರಿಯ ವಿಷಯ ಮಾತ್ರ ಬಾಯಿಬಿಡಲಿಲ್ಲ. ಯಾಕೆ ಬಿಡಲಿಲ್ಲವೋ ಆಗ ನನಗೇ ತಿಳಿದಿರಲಿಲ್ಲ.

“ಯಾಕೆ ಸಾಧ್ಯ ಇಲ್ಲ?” ಅಂದ ರೇಜಾಂ. “ಇವರು ಕಥೆ ಕೊನೇವರೆಗೂ ಆಡ್ತಾರಲ್ಲ. ಕೊನೇಲಿ ತಂಗಿ ಗೋದಾಮಲ್ಲಿ ಸಿಗ್ತಾಳೆ. ಅಷ್ಟು ಆಡಿದವಳು ಅದನ್ನ ನೋಡದೆ ಇರೋಕಾಗುತ್ತಾ?”

ಕೋಣೆಯಲ್ಲಿ ಒಂದೊಂದೇ ಹೆಡ್‌ಫೋನ್ ಕೆಳಗಿಳಿಯಿತು.

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೆ ಏನಾಯಿತೆಂದು ತಿಳಿಯಲಿಲ್ಲ. ನನ್ನಿಂದ ಡೆಟ್ಲೆಫ್‌ಗೆ, ಅವನಿಂದ ಪೋರ್ಚುಗೀಸ್ ಮೇಜಿಗೆ ಕಣ್ಣು ಹೊರಳಿಸಿದ.

ಡೆಟ್ಲೆಫ್ ಮೃದುವಾಗಿ ಕೇಳಿದ. “ಯಾವ ಆಟದಲ್ಲಿ ರೇಜಾಂ?”

“ಏನು ಯಾವ ಆಟ?”

“ತಂಗಿ ಸಿಗೋದು. ಯಾವ ಆಟದಲ್ಲಿ?”

ಆಗ ನಾನು ಹೇಳಿದೆ. ಆ ದೃಶ್ಯವನ್ನು ಬ್ರಿಜೆಟ್ ಶರತ್ಕಾಲದಲ್ಲೇ ತೆಗೆಸಿದಳೆಂದು, ಅದಕ್ಕೆ ಹೋಗುವ ದಾರಿಗಳನ್ನೆಲ್ಲ ಮುಚ್ಚಿದೆವೆಂದು, ಕಥೆ ಈಗ ದೋಣಿಕಟ್ಟೆಯಲ್ಲಿ ಮುಗಿಯುತ್ತದೆಂದು. ಕದ್ದ ಪುಟವನ್ನು ಹಾಕಿದವರು ಅದನ್ನು ‘ಕೊನೆಯ ದೃಶ್ಯ’ ಎಂದೇ ಕರೆದಿದ್ದರು. ಅದು ತೆಗೆದದ್ದೆಂದು ಅವರಿಗೆ ಗೊತ್ತಿರಲಿಲ್ಲ. ಹೊರಗಿನ ಅನುವಾದಕರಿಗೆ ನಾವು ಮಾತುಗಳನ್ನು ಚೂರುಚೂರಾಗಿ, ಅನುಕ್ರಮ ಕಲೆಸಿ ಕಳಿಸುತ್ತೇವೆ. ಅವರಿಗೆ ಇಡೀ ದೃಶ್ಯ ಒಟ್ಟಿಗೆ ಸಿಗುವುದಿಲ್ಲ. ಇಡೀ ಕಡತ ಕಾಣುವವರು ಮೂವರು. ಬರೆದ ಬ್ರಿಜೆಟ್, ನಾನು, ರೇಜಾಂ.

“ಬ್ರಿಜೆಟ್‌ಗೆ ತೆಗೆದದ್ದು ಗೊತ್ತಿತ್ತು,” ಅಂದೆ. “ದಾರಿ ಮುಚ್ಚಿಸಿದವಳು ನಾನು. ನನಗೂ ಗೊತ್ತಿತ್ತು. ಆ ತಿಂಗಳು ನೀನು ಮಂಡಿ ಆಪರೇಷನ್ ಆಗಿ ಮನೇಲಿದ್ದೆ.”

ಗೆದ್ದೆ ಎನ್ನಿಸಲಿಲ್ಲ. ಅವನ ಮಂಡಿಯನ್ನು ಆಡಿಕೊಂಡ ಹಾಗೆ ಅನ್ನಿಸಿ ನಾಚಿಕೆಯಾಯಿತು.

ರೇಜಾಂ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡ.

“ನಾನು ಕಥೆ ಆಡಲ್ಲ. ಅದು ಎಲ್ಲರಿಗೂ ಗೊತ್ತಿರೋದೇ. ಮೇಲಿನವರು ಕೊನೇ ದೃಶ್ಯ ಅಂದ್ರು, ನಾನೂ ಅಂದೆ. ನೀವೂ ಅಂದ್ರಿ, ಶುಕ್ರವಾರದಿಂದ. ಅಂತೀರೋ ಇಲ್ವೋ?”

“ಅಂದೆ,” ಎಂದು ಒಪ್ಪಿಕೊಂಡೆ.

“ಈಗ ನಾನೊಂದು ಹೇಳ್ತೀನಿ, ಒಡೀಲ್. ತಪ್ಪಿದ್ರೆ ತಿದ್ದಿ. ಈ ರುಕ್ಸಾಂದ್ರಾ ನಿಮ್ಮ ಜೀವದ ಗೆಳತಿ. ಅವಳ ಮನೇಲಿ ಭಾನುವಾರದ ಊಟ, ಅವಳ ಮಗಳಿಗೆ ಪಾಠ. ಒಬ್ಬರು ಈ ಕಥೇನ ಕದ್ದು ಹೊರಗೆ ಹಾಕ್ಬೇಕು, ಆದ್ರೆ ಕೆಳಗಿರೋ ಗೆಳತಿ ಮೇಲೆ ಅದು ಬರಬಾರ್ದು. ಯಾವ ದೃಶ್ಯ ಆರಿಸ್ತಾರೆ? ಕೆಳಗಿನವರು ಯಾರೂ ನೋಡೋಕೇ ಆಗದ ದೃಶ್ಯ. ಅದು ಯಾವುದು ಅಂತ ಗೊತ್ತಿದ್ದವರು ಯಾರು?”

ಉತ್ತರ ಅವನು ಹೇಳಬೇಕಾಗಿರಲಿಲ್ಲ. ದಾರಿ ಮುಚ್ಚಿಸಿದವಳು ನಾನು. ಇದೀಗ, ಇಷ್ಟು ಜನರ ಎದುರು, ನನ್ನ ಬಾಯಿಂದಲೇ ಹೇಳಿದ್ದೆ.

ನನ್ನ ಗೆಳತಿಯನ್ನು ಬಿಡಿಸಲು ಬೆಳಗಿನಿಂದ ಹೆಣೆದ ಹಗ್ಗದ ಕುಣಿಕೆ ನನ್ನ ಕೊರಳಿಗೇ ಸರಿಯಾಗಿ ಕೂತಿತ್ತು. ಅದನ್ನು ಬಿಚ್ಚಬೇಕೆಂದರೆ ಒಂದೇ ದಾರಿ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕು. ಬಹುಶಃ ಪರೀಕ್ಷಕರು ನೋಡಿರಬಹುದು, ನನಗೆ ಸರಿಯಾಗಿ ತಿಳಿಯದು ಎನ್ನಬೇಕು. ಆಗ ಹೆಸರು ಮತ್ತೆ ರುಕ್ಸಾಂದ್ರಾಳ ಕಡೆ ಹೋಗುತ್ತದೆ. ರೇಜಾಂಗೆ ಅದು ಗೊತ್ತಿತ್ತು. ಅವನು ಕಾಯುತ್ತ ಕೂತಿದ್ದ. ಅವಸರವೇ ಇಲ್ಲದವನ ಹಾಗೆ ಮಂಡಿ ನೀವಿಕೊಳ್ಳುತ್ತಿದ್ದ.

“ಪರೀಕ್ಷಕರು ಯಾರೂ ಅದನ್ನ ನೋಡಿಲ್ಲ,” ಅಂದೆ. “ನೋಡೋಕೆ ಆಗಲ್ಲ. ನಾನು ಅದನ್ನ ಬದಲಾಯಿಸಿ ಹೇಳಲ್ಲ.”

“ಯೋಚನೆ ಮಾಡಿ.”

“ಮಾಡಿದೆ.”

ಡೆಟ್ಲೆಫ್ ಏನೋ ಹೇಳಲು ಬಾಯಿ ತೆರೆದ. ರೇಜಾಂ ಅವನತ್ತ ತಿರುಗಿ, ಈ ಕೋಣೆಯಲ್ಲಿ ಕೆಲಸದ ಕರಾರು ಮಾರ್ಚಿಗೆ ಮುಗಿಯುವವರು ಎಷ್ಟು ಜನ ಎಂದು ವಿಚಾರಿಸಿದ. ಡೆಟ್ಲೆಫ್‌ನ ಬಾಯಿ ಮುಚ್ಚಿತು. ಉಳಿದವರು ಪರದೆಗಳ ಕಡೆ ನೋಡತೊಡಗಿದರು. ಪರದೆಗಳ ಮೇಲೆ ಅಷ್ಟೂ ಭಾಷೆಗಳಲ್ಲಿ ಆಸ್ತಾ ಒಂದೇ ಕಡೆ ನಿಂತಿದ್ದಳು, ಯಾರಾದರೂ ಮುಂದಿನದನ್ನು ಆರಿಸಲಿ ಎಂದು.

ರೇಜಾಂ ಎದ್ದು ಗೋಡೆಯ ಫೋನಿನ ಬಳಿ ಹೋದ. ವಕೀಲೆಯ ಕೋಣೆಗೆ ಹಚ್ಚಿದ. ಅವಳು ಎತ್ತಿಕೊಂಡದ್ದು ನಾನು ನಿಂತಲ್ಲಿಗೂ ಕೇಳಿಸಿತು. ಚುರುಕಾದ ಇಂಗ್ಲಿಷ್ ದನಿ.

ಹೆಸರು ಬದಲಾಗಿದೆ ಎಂದ ರೇಜಾಂ. ಒಂದು ಕ್ಷಣ ಹಿಡಿದುಕೊಳ್ಳಿ, ಅವರೂ ಇಲ್ಲೇ ಇದ್ದಾರೆ ಎಂದ.

ನನಗೆ ಅಮ್ಮನ ನೆನಪಾಯಿತು. ನಮ್ಮೂರು ತ್ರುವಾ-ರಿವಿಯೇರ್‌ನ ಅಡುಗೆಮನೆಯಲ್ಲಿ ಅವಳು ಇದನ್ನು ಯಾವ ಮುಖ ಇಟ್ಟುಕೊಂಡು ಕೇಳಿಸಿಕೊಂಡಾಳು ಎಂದು. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಹೆಸರು ಕೆಟ್ಟರೆ ಈ ಊರಿನ ಯಾವ ಸ್ಟುಡಿಯೊದ ಬಾಗಿಲೂ ತೆರೆಯುವುದಿಲ್ಲ. ಆದರೆ ನನ್ನನ್ನು ದೇಶ ಬಿಟ್ಟು ಹೋಗೆನ್ನುವವರು ಯಾರೂ ಇಲ್ಲ. ಅಷ್ಟು ವ್ಯತ್ಯಾಸವಿತ್ತು. ಅದನ್ನೇ ಬಿಗಿಯಾಗಿ ಹಿಡಿದುಕೊಂಡು ನಿಂತೆ.

ಹಿಂದೆ ಕುರ್ಚಿ ಸರಿದ ಸದ್ದಾಯಿತು.

“ಹೆಸರು ಬದಲಾಗಿಲ್ಲ ಅಂತ ಹೇಳು ಅವರಿಗೆ,” ಅಂದಳು ರುಕ್ಸಾಂದ್ರಾ. “ನಾನೇ ಹಾಕಿದ್ದು.”

ಅವಳು ಎದ್ದು ನಿಂತಿದ್ದಳು. ಕೈಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಿದ್ದಳು, ಚಳಿಯಾದಾಗ ಮಾಡುವ ಹಾಗೆ.

ನನಗೆ ಅಳು ಬಂತು. ಇಂಥ ಹುಚ್ಚು ಕೆಲಸ ಮಾಡಬೇಡ, ಕೂತುಕೋ ಎಂದೆ. ರೇಜಾಂನ ಕಡೆ ತಿರುಗಿ, ಇವಳು ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ, ಆ ದೃಶ್ಯಕ್ಕೆ ದಾರಿಯೇ ಇಲ್ಲ, ಕಡತ ಇವಳ ಕೈಗೆ ಬಂದೇ ಇಲ್ಲ, ಇವಳ ಭಾಷೆ ನಮ್ಮಲ್ಲಿ ಸೇರಿದ್ದೇ ಚಳಿಗಾಲದಲ್ಲಿ, ಆ ದೃಶ್ಯ ತೆಗೆದ ಮೇಲೆ, ಗೋದಾಮಿನ ಒಂದು ಮಾತೂ ರುಮೇನಿಯನ್ನಿಗೆ ಹೋಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಜೀವನದಲ್ಲಿ ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು.

“ಹೊರಗೆ ಬಂದಿರೋದು ಅರ್ಧ ದೃಶ್ಯ,” ಅಂದಳು ರುಕ್ಸಾಂದ್ರಾ.

ಹೌದು. ಕದ್ದ ಪುಟ ಮಾಲಿನ್ ತಲೆ ಎತ್ತಿ ನೋಡುವಲ್ಲಿಗೆ ನಿಂತಿತ್ತು. ಅಲ್ಲಿಂದ ಮುಂದೆ ಇನ್ನೂ ಇದೆಯೆಂದು ನಾನು ಬೆಳಗ್ಗೆ ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಅವಳು ರೇಜಾಂನನ್ನು ನೋಡಲಿಲ್ಲ, ಫೋನನ್ನೂ ನೋಡಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು, ತನ್ನ ಮಾತಲ್ಲದ ಮಾತನ್ನು ತಪ್ಪದಂತೆ ಒಪ್ಪಿಸುವವರ ಹಾಗೆ ಮೆಲ್ಲಗೆ ಹೇಳಿದಳು.

“‘ಹೊರಗಡೆಯಿಂದ ಯಾರೂ ಬೀಗ ಹಾಕ್ಲಿಲ್ಲ ಆಸ್ತಾ. ಅಗುಳಿ ನಾನೇ ಹಾಕ್ಕೊಂಡಿದ್ದು. ನೀನು ಹೆಸರು ಹಿಡಿದು ಕೂಗ್ತಾ ಹೋದಾಗೆಲ್ಲ ನಾನಿಲ್ಲಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತಿದ್ದೆ.’”

ಒಂದು ಮಾತೂ ಹೆಚ್ಚುಕಡಿಮೆ ಇಲ್ಲ. ಬ್ರಿಜೆಟ್ ಬರೆದದ್ದು ಹಾಗೆಯೇ.

ನಾನು ರೇಜಾಂನ ಮುಖ ನೋಡಿದೆ. ಅವನಿಗೂ ನನ್ನಷ್ಟೇ ದಿಗಿಲಾಗಿರಬೇಕಿತ್ತು. ಆಶ್ಚರ್ಯದ ಸುಳಿವೂ ಅಲ್ಲಿರಲಿಲ್ಲ. ಅವನು ರುಕ್ಸಾಂದ್ರಾಳ ಕಡೆ, ಹೇಳಿಕೊಟ್ಟ ಪಾಠ ಬೇಡದ ಹೊತ್ತಿನಲ್ಲಿ ಒಪ್ಪಿಸಿದ ಮಗುವನ್ನು ನೋಡುವ ಹಾಗೆ, ಬೇಸರದಿಂದ ನೋಡುತ್ತಿದ್ದ. ಆ ಮಾತುಗಳನ್ನು ಇವಳ ಕೈಗಿಟ್ಟವನು ಅವನೇ.

ಫೋನಿನಲ್ಲಿ ವಕೀಲೆಯ ದನಿ ಮತ್ತೆ ಹೆಸರು ಕೇಳಿತು.

ರೇಜಾಂ, ಹೆಸರು ನೀವೇ ಹೇಳಿ ಎನ್ನುವ ಹಾಗೆ, ರಿಸೀವರನ್ನು ನನ್ನ ಕಡೆ ಚಾಚಿದ.